ಬುಧವಾರ ಮನೆಗೆ ಬರುತ್ತಾರೆ

ಪುಟ್ಟಿಗೆ ಆಗ ನಲವತ್ತೊಂಬತ್ತು ವರ್ಷ. ತಲೆ ಅರ್ಧ ನೆರೆತಿತ್ತು, ಎಡಗೈ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದವು, ಓದುವುದಕ್ಕೊಂದು ದೂರಕ್ಕೊಂದು ಅಂತ ಎರಡು ಕನ್ನಡಕ ಬಂದಿದ್ದವು. ಆದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಒಂಬತ್ತನೇ ವಯಸ್ಸಿನಲ್ಲಿ, ಅಪ್ಪ ಎಲ್ಲಿಂದಲೋ ಹೊತ್ತು ತಂದ ದೊಡ್ಡವರ ಅಳತೆಯ ಚೆಲ್ಲೊ, ಅಂದರೆ ನೆಲಕ್ಕೂರಿ ನುಡಿಸುವ ಭಾರೀ ಪಿಟೀಲಿನ ಹಿಂದೆ ಅವಳು ಕೂತಾಗ ಎರಡು ಮೊಣಕಾಲು, ಒಂದು ಹಣೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲವಂತೆ. ಆಗ ಅಂಟಿದ ಹೆಸರು.

ಅಪ್ಪ ಪಿಯಾನೊಗಳಿಗೆ ಶ್ರುತಿ ಹಿಡಿಯುವ ಕೆಲಸದವರು. ಸ್ವತಃ ಯಾವ ವಾದ್ಯವನ್ನೂ ನುಡಿಸಿದವರಲ್ಲ. ಕೇಳಿದರೆ, "ನಾನು ಒಲೆ ಹಚ್ಚಿಕೊಡೋನು, ಅಡುಗೆ ನಿಮ್ದು" ಅನ್ನುತ್ತಿದ್ದರು. ಶಾಲೆ, ಸಭಾಂಗಣ, ಉಳ್ಳವರ ಮನೆಯ ಹಜಾರ ಅಂತ ಚರ್ಮದ ಚೀಲ ಹಿಡಿದು ಐವತ್ತು ವರ್ಷ ಸುತ್ತಿದರು. ಕಿವಿ ಎಷ್ಟು ಚುರುಕೆಂದರೆ, ಯಾರ ಮನೆಯ ಬಾಗಿಲು ಕಿರುಗುಟ್ಟಿದರೂ ಅದು ಯಾವ ಸ್ವರ, ಎಷ್ಟು ಇಳಿದಿದೆ ಅಂತ ಹೇಳದೆ ಇರಲಾರರು. ಮೂರು ಮಕ್ಕಳಿಗೆ ಮೂರು ವಾದ್ಯ ಹಂಚಿದ್ದೂ ಅವರೇ. ಅಕ್ಕನಿಗೆ ಪಿಯಾನೊ, ಅಣ್ಣನಿಗೆ ಪಿಟೀಲು, ಕೊನೆಯವಳಿಗೆ ಚೆಲ್ಲೊ. ಅಣ್ಣ ಮಹಾ ಮಾತುಗಾರ, ಶುರು ಮಾಡಿದರೆ ನಿಲ್ಲಿಸುವ ಆಸಾಮಿಯಲ್ಲ. "ಇವನ ಕೈಗೆ ಪಿಟೀಲು ಕೊಟ್ಟಿದ್ದು ನನ್ನ ತಪ್ಪು ಕಣ್ರೇ, ಬಾಯಲ್ಲೇ ಸಾಕಷ್ಟು ಕುಯ್ತಿದ್ದ" ಅಂತ ಅಪ್ಪ ನಗಾಡುತ್ತಿದ್ದರು.

ಮೂವರೂ ಕೂಡಿ ನುಡಿಸಲು ಹಿಡಿದು ಇಪ್ಪತ್ತಾರು ವರ್ಷವಾಗಿತ್ತು. ದೊಡ್ಡ ಹೆಸರೇನಲ್ಲ. ವರ್ಷಕ್ಕೆ ಎಂಟು ಹತ್ತು ಕಾರ್ಯಕ್ರಮ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು, ಮುಖಪರಿಚಯವಿರುವ ಅದೇ ನೂರಿಪ್ಪತ್ತು ಜನ. ಹೊಟ್ಟೆಪಾಡಿಗೆ ಅಕ್ಕ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು, ಅಣ್ಣ ದೊಡ್ಡ ವಾದ್ಯವೃಂದವೊಂದರ ನಾಲ್ಕನೇ ಸಾಲಿನಲ್ಲಿ ಕೂರುತ್ತಿದ್ದ, ಪುಟ್ಟಿ ಮನೆಯಲ್ಲೇ ಪಾಠ ಹೇಳುತ್ತಿದ್ದಳು.

ಮನೆಯೆಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಅವಳ ಮದುವೆ ಮೂರೇ ವರ್ಷಕ್ಕೆ ಮುಗಿದಿತ್ತು. ಅಮ್ಮ ಹೋದ ಮೇಲೆ, ಅಂದರೆ ನಾಲ್ಕು ವರ್ಷದಿಂದ, ಅಪ್ಪ ಅವಳ ಜೊತೆಗಿದ್ದರು. ಎಂಬತ್ತಾರು ವರ್ಷದ ಮನುಷ್ಯ. ಕಿವಿ ಮೊದಲಿನಷ್ಟೇ ಚುರುಕು, ಮಂಡಿ ಎರಡೂ ಕೈಕೊಟ್ಟಿದ್ದವು. ಬೆಳಿಗ್ಗೆ ಅವರನ್ನು ಹಾಸಿಗೆಯಿಂದ ಎಬ್ಬಿಸಲು ಮೊದಲು ಕಾಲು ಇಳಿಬಿಡಿಸಬೇಕು, ಆಮೇಲೆ ಕಂಕುಳಲ್ಲಿ ಕೈ ಕೊಡಬೇಕು, ಮೂರು ಎಣಿಸಿ ಎತ್ತಬೇಕು. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ನೀರು ಹಾಕಬೇಕು. ದಿನ ಬಿಟ್ಟು ದಿನ ಗಡ್ಡ ಹೆರೆಯಬೇಕು. ಕೋಣೆಯಲ್ಲಿ ಪಾಠ ನಡೆಯುತ್ತಿದ್ದರೆ ಒಳಗಿಂದ, "ಆ ಹುಡುಗಿ ನಾಲ್ಕನೇ ಬೆರಳು ಮೇಲೆ ಇಡ್ತಿದಾಳೆ ಪುಟ್ಟೀ" ಅಂತ ಕೂಗು ಬರುತ್ತಿತ್ತು. ಅಕ್ಕ ಭಾನುವಾರಗಳಲ್ಲಿ ಡಬ್ಬಿ ತುಂಬ ಅಡುಗೆ ತಂದು, ಎರಡು ಗಂಟೆ ಕೂತು, ಕಣ್ಣು ಒರೆಸಿಕೊಂಡು ಹೋಗುತ್ತಿದ್ದಳು. ಅಣ್ಣ ಒಂದು ದಿನ ತಪ್ಪದೆ ಫೋನು ಮಾಡುತ್ತಿದ್ದ.

ಮೂರು ವಾರದ ಹಿಂದೆ ಅಪ್ಪ ಬಚ್ಚಲ ಹೊಸ್ತಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆ, ಆಪರೇಷನ್ನು. ಎಲ್ಲಾ ಸಲೀಸಾಗಿ ಆಯಿತು ಅಂದರು ಡಾಕ್ಟರು. ಬುಧವಾರ ಮನೆಗೆ ಕಳಿಸುತ್ತೇವೆ, ಪಕ್ಕದಲ್ಲಿ ಕಂಬಿಯಿರುವ ಮಂಚ ತರಿಸಿಟ್ಟುಕೊಳ್ಳಿ ಅಂದರು. ಪುಟ್ಟಿ ಅಂಗಡಿಗೆ ಹೇಳಿ ಬಂದಳು. ಮಂಚಕ್ಕೆ ಜಾಗ ಮಾಡಲು ಪಾಠದ ಕುರ್ಚಿಗಳನ್ನು ಹೊರಗಿಟ್ಟಳು. ಆ ಇಪ್ಪತ್ತೊಂದು ದಿನ ಅವಳು ಆಸ್ಪತ್ರೆಯಿಂದ ಬಂದವಳೇ ಬಿದ್ದುಕೊಂಡು ನಿದ್ದೆ ಮಾಡಿದಳು. ಎಷ್ಟು ಮಲಗಿದರೂ ಮೈಯೊಳಗೆ ಹತ್ತಿ ತುಂಬಿದ ಹಾಗೇ ಇರುತ್ತಿತ್ತು. ಯಾರಾದರೂ ಮಾತಾಡಿಸಿದರೆ ಅದು ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತಿತ್ತು. ಸುಸ್ತು ಅಂದುಕೊಂಡಳು.

ಮೂವರ ಕಾರ್ಯಕ್ರಮವೊಂದು ಆ ಬುಧವಾರದ ಹಿಂದಿನ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ, ಗ್ರಂಥಾಲಯದ ಮೇಲ್ಮಹಡಿಯ ಸಣ್ಣ ಸಭಾಂಗಣದಲ್ಲಿ. ಅಲ್ಲಿನ ಪಿಯಾನೊಗೆ ಮೂವತ್ತೊಂದು ವರ್ಷ ಶ್ರುತಿ ಹಿಡಿದವರು ಅಪ್ಪನೇ. ಮೂರೂ ಹತ್ತರ ಹೊತ್ತಿಗೆ ಪುಟ್ಟಿ ವೇದಿಕೆಯ ಹಿಂದಿನ ಓಣಿಯಂಥ ಜಾಗದಲ್ಲಿ ನಿಂತು ಕಮಾನಿಗೆ ರಾಳ ಉಜ್ಜುತ್ತಿದ್ದಳು. ಫೋನು ಅದುರಿತು.

"ಹಾಸಿಗೆ ಹನ್ನೆರಡರ ಮಗಳಾ?" ಅಂದಳು ನರ್ಸು.

"ಹೌದು."

"ಜೊತೇಲಿ ಯಾರಾದ್ರೂ ಇದ್ದಾರಾ? ಸ್ವಲ್ಪ ಕೂತ್ಕೊಳ್ಳಿ."

"ಪರವಾಗಿಲ್ಲ, ಹೇಳಿ."

"ಊಟ ಎಲ್ಲಾ ಮಾಡಿದ್ರು. ಎರಡೂವರೆಗೆ ಉಸಿರು ಹಿಡ್ಕೊಂಡಂಗೆ ಆಗ್ತಿದೆ ಅಂದ್ರು. ಡಾಕ್ಟ್ರು ಓಡಿ ಬಂದ್ರು. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಮೇಲಕ್ಕೆ ಹೋಗಿರ್ಬೇಕು ಅಂತಾರೆ. ನಮ್ಮ ಕೈಲಾದ್ದೆಲ್ಲ ಮಾಡಿದ್ವಿ, ಅಮ್ಮಾ. ಎರಡೂ ಐವತ್ತೆಂಟಕ್ಕೆ ಹೋಗ್ಬಿಟ್ರು."

"ಸರಿ" ಅಂದಳು ಪುಟ್ಟಿ.

ಆ ಕಡೆ ನರ್ಸು ಸ್ವಲ್ಪ ಕಾದಳು. ಅಳು ಬರುವುದಕ್ಕೆ ಜಾಗ ಬಿಟ್ಟಳು ಅಂತ ಕಾಣುತ್ತದೆ. ಬರಲಿಲ್ಲ. "ಈಗ ಬರ್ತೀರಾ?"

"ಆರೂವರೆಗೆ ಬರ್ತೀವಿ."

"ಆರೂವರೆಗಾ?"

"ಹೌದು. ಅಷ್ಟೊತ್ತಿಗೆ ಆಗತ್ತೆ."

ನಲ್ಲಿ ರಿಪೇರಿಯವನಿಗೆ ಸಮಯ ಕೊಟ್ಟ ಹಾಗೆ ಹೇಳಿ ಫೋನು ಇಟ್ಟಳು. ರಾಳದ ಬಿಲ್ಲೆ ಇನ್ನೂ ಎಡಗೈಯಲ್ಲಿತ್ತು. ಮೊದಲು ತಲೆಗೆ ಬಂದ ಯೋಚನೆ ಇದು: ಬುಧವಾರ ಮಂಚ ಬೇಡ ಅಂತ ಅಂಗಡಿಗೆ ತಿಳಿಸಬೇಕು. ಎರಡನೆಯದು ಏನು ಬರುತ್ತದೋ ಅಂತ ಕಾದು ನಿಂತಳು. ಸೀನು ಬರುವ ಹಾಗಾಗಿ ಬಾರದೆ ಹೋಗುತ್ತದಲ್ಲ, ಹಾಗೆ ನಿಂತೇ ಇದ್ದಳು. ಏನೂ ಬರಲಿಲ್ಲ. ಕಮಾನು ಅರ್ಧಕ್ಕೆ ಉಳಿದಿತ್ತು. ಮಿಕ್ಕರ್ಧಕ್ಕೂ ರಾಳ ಉಜ್ಜಿ ಒಳಗೆ ಹೋದಳು.

ಒಳಕೋಣೆಯಲ್ಲಿ ಅಕ್ಕ ಬೋಗುಣಿಯ ಬಿಸಿನೀರಿನಲ್ಲಿ ಎರಡೂ ಕೈ ಮುಳುಗಿಸಿ ಕೂತಿದ್ದಳು. ನುಡಿಸುವ ಮುಂಚೆ ಅವಳಿಗೆ ಅದೊಂದು ಆಗಲೇಬೇಕು. ಅವಳ ಗಂಡ, ಅಂದರೆ ಭಾವ, ಹಲ್ಲಿನ ಡಾಕ್ಟರು. ರಜೆಯ ದಿನ ಹೆಂಡತಿಯ ಪಕ್ಕ ಕೂತು ಪಿಯಾನೊ ಪುಸ್ತಕದ ಹಾಳೆ ತಿರುವುವುದು ಅವರ ಉದ್ಯೋಗ. ಸ್ವರ ಓದುವುದರಲ್ಲಿ ಅಷ್ಟಕ್ಕಷ್ಟೆ, ಆದರೆ ಹಾಳೆಗಳ ಮೇಲೆ ತಮ್ಮದೇ ಕೆಂಪು ಗುರುತು ಹಾಕಿಕೊಂಡು ಇಷ್ಟು ವರ್ಷದಲ್ಲಿ ಒಂದೇ ಒಂದು ಸಲವೂ ತಪ್ಪಿದವರಲ್ಲ. ಅಣ್ಣ ಕಿಟಕಿಯ ಹತ್ತಿರ ಗ್ರಂಥಾಲಯದ ಮೇಲ್ವಿಚಾರಕಿಗೆ ಯಾವುದೋ ಹಳೆಯ ಕಥೆ ಹೊಡೆಯುತ್ತಿದ್ದ. ಆಕೆ ಗಡಿಯಾರ ನೋಡುತ್ತ ನಗುತ್ತಿದ್ದಳು.

"ಅಣ್ಣಾ" ಅಂದಳು ಪುಟ್ಟಿ.

"ಏನೇ?"

ಅಣ್ಣ ತಿರುಗಿದ. ಅಕ್ಕನೂ ತಲೆಯೆತ್ತಿದಳು. ಇನ್ನೇನು, ಎರಡು ಶಬ್ದ. ಹೇಳಿದರೆ ಅಕ್ಕ ಅಲ್ಲೇ ಕುಸಿದು ಗೊಳೋ ಅನ್ನುತ್ತಾಳೆ, ಅಣ್ಣ ಗೋಡೆಗೆ ತಲೆ ಆನಿಸಿ ಬಿಕ್ಕುತ್ತಾನೆ, ಆಮೇಲೆ ಇಬ್ಬರೂ ತನ್ನ ಕಡೆ ನೋಡುತ್ತಾರೆ. ಅಷ್ಟು ಮಾತ್ರ ಅವಳಿಗೆ ಸ್ಪಷ್ಟವಾಗಿ ಕಂಡಿತು.

"ಕಾಲರ್ ಹಿಂದೆ ಮಡಚ್ಕೊಂಡಿದೆ" ಅಂದಳು.

ಅಣ್ಣ ಕಾಲರ್ ಸರಿ ಮಾಡಿಕೊಂಡ.

ಹೇಳಬಾರದು ಅಂತ ಅವಳು ತೀರ್ಮಾನಿಸಿದ್ದಲ್ಲ. ಇನ್ನೈದು ನಿಮಿಷ ಬಿಟ್ಟು ಹೇಳಿದರಾಯಿತು ಅಂದುಕೊಂಡಳು. ಅಂಥ ಐದೈದು ನಿಮಿಷಗಳಲ್ಲೇ ನಾಲ್ಕಾಗುತ್ತ ಬಂತು, ಜನ ಬಂದು ಕೂರುವ ಸದ್ದು ಕೇಳತೊಡಗಿತು. ಮೇಲ್ವಿಚಾರಕಿ ಬಾಗಿಲು ತೆರೆದು ಹಿಡಿದಳು. ಅಣ್ಣ ಮುಂದೆ, ಪುಟ್ಟಿ ನಡುವೆ, ಅಕ್ಕ ಅವಳ ಹಿಂದೆ, ಕೊನೆಗೆ ಭಾವ. ಚಪ್ಪಾಳೆ. ಅವಳು ಕೂತು ಚೆಲ್ಲೊದ ಕೆಳಗಿನ ಕಬ್ಬಿಣದ ಮೊನೆಯನ್ನು ನೆಲದ ಪಟ್ಟಿಗೆ ಊರಿದಳು, ಶ್ರುತಿ ನೋಡಿಕೊಂಡಳು, ತಲೆಯಾಡಿಸಿದಳು. ಶುರುವಾಯಿತು.

ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ಭಾವ ಹಲ್ಲು ಕೀಳುವ ಮುಂಚೆ ಕೊಡುವ ಚುಚ್ಚುಮದ್ದು ಅವಳಿಗೆ ಗೊತ್ತಿತ್ತು. ಕೆನ್ನೆ ಅಲ್ಲೇ ಇದೆ, ಮುಟ್ಟಿದರೆ ಸಿಗುತ್ತದೆ, ಆದರೆ ತನ್ನದಲ್ಲ. ಈಗ ತೋಳು, ಕಮಾನು, ಎದುರಿನ ಮುಖಗಳು ಎಲ್ಲವೂ ಹಾಗೇ ಇದ್ದವು. ಎರಡನೇ ಸಾಲಿನಲ್ಲೊಬ್ಬರು ಕೆಮ್ಮು ತಡೆದುಕೊಳ್ಳುತ್ತಿದ್ದರು. ಬಲಗಡೆಯ ದೀಪವೊಂದು ಸಣ್ಣಗೆ ಗುಂಯ್ ಅನ್ನುತ್ತಿತ್ತು.

ಅಂದು ಮೊದಲಿಗೆ ಎತ್ತಿಕೊಂಡ ಕೃತಿಯ ಮೊದಲ ಭಾಗದಲ್ಲಿ ಮೂರು ನಿಮಿಷ ಕಳೆದ ಮೇಲೆ ಒಂದು ತಿರುವು ಬರುತ್ತದೆ. ಅಲ್ಲಿ ಪಿಟೀಲು, ಪಿಯಾನೊ ಎರಡೂ ಸುಮ್ಮನಾಗುತ್ತವೆ. ಚೆಲ್ಲೊ ಮಾತ್ರ ಏಳು ಸ್ವರ ನುಡಿಸಿ, ಅವೆರಡನ್ನೂ ಕೈಹಿಡಿದು ಮತ್ತೆ ಮೊದಲಿಗೆ ಕರೆತರುತ್ತದೆ. ಎರಡನೇ ಸಲ ಅದೇ ತಿರುವಿಗೆ ಬಂದಾಗ ಬೇರೆ ಏಳು ಸ್ವರ. ಅವು ಮುಂದಕ್ಕೆ ಕರೆದೊಯ್ಯುತ್ತವೆ. ಇಷ್ಟು ವರ್ಷದಲ್ಲಿ ನೂರು ಸಲ ನುಡಿಸಿದ್ದ ಜಾಗ. ಪುಟ್ಟಿ ಮೊದಲನೇ ಸಲವೇ ಎರಡನೆಯ ಏಳು ಸ್ವರ ನುಡಿಸಿಬಿಟ್ಟಳು.

ನಾಲ್ಕನೇ ಸ್ವರಕ್ಕೇ ಅಕ್ಕನಿಗೆ ಗೊತ್ತಾಯಿತು. ಆದರೆ ಭಾವ ಆಗಲೇ ಎದ್ದು, ಕೆಂಪು ಗುರುತಿನ ಪ್ರಕಾರ, ಐದು ಹಾಳೆಗಳನ್ನು ಒಟ್ಟಿಗೆ ಹಿಂದಕ್ಕೆ ಮಗುಚಿ, ಕೈಕಟ್ಟಿ ಕೂತಾಗಿತ್ತು. ಅಕ್ಕ ನೆನಪಿನಿಂದಲೇ ಮುಂದಿನ ಭಾಗಕ್ಕೆ ಹಾರಿದಳು. ಅಣ್ಣ ಅರ್ಧ ಮಾತ್ರೆ ತಡವಾಗಿ ಹಿಂದೆ ಬಂದು ಸೇರಿಕೊಂಡ. ಭಾವ ಬೆವೆತು, ಹಾಳೆಗಳನ್ನು ಎರಡೆರಡಾಗಿ ಮುಂದಕ್ಕೆ ತಿರುವಿದರು. ಒಂದು ಹಾಳೆ ಕಳಚಿ ಅಕ್ಕನ ತೊಡೆಯ ಮೇಲೆ ಬಿತ್ತು. ಅಕ್ಕ ಒಂದು ಕೈಯಲ್ಲಿ ನುಡಿಸುತ್ತಲೇ ಇನ್ನೊಂದರಿಂದ ಅದನ್ನು ಎತ್ತಿಟ್ಟಳು. ಜನರಲ್ಲಿ ಹೆಚ್ಚಿನವರಿಗೆ ಏನೂ ತಿಳಿಯಲಿಲ್ಲ. ಅಕ್ಕ ಮಾತ್ರ ಪಿಯಾನೊದ ಆಚೆಯಿಂದ ತಂಗಿಯನ್ನು ಒಂದು ಸಲ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

ವಿರಾಮದಲ್ಲಿ ಅಣ್ಣ ಎಂದಿನಂತೆ ಜನರ ನಡುವೆ ನುಗ್ಗಿದ. ಒಳಕೋಣೆಯಲ್ಲಿ ಅಕ್ಕ ಬಾಗಿಲು ಹಾಕಿದಳು.

"ಏನಾಯ್ತು?"

"ಏನಿಲ್ಲ. ಜಾಗ ತಪ್ಪಿದೆ."

"ನೀನು ಜಾಗ ತಪ್ಪೋಳಲ್ಲ. ಜ್ವರ ಬಂದು ಮೈ ಸುಡ್ತಿದ್ದಾಗ್ಲೂ ತಪ್ಪಿಲ್ಲ. ಪುಟ್ಟಿ, ಇಲ್ಲಿ ನೋಡು."

ಪುಟ್ಟಿ ನೋಡಿದಳು. "ಅಪ್ಪ ಹೋದ್ರು" ಅಂದಳು. "ಎರಡೂ ಐವತ್ತೆಂಟಕ್ಕಂತೆ. ಫೋನ್ ಬಂದಿತ್ತು."

ಅಕ್ಕ ನಿಂತಲ್ಲೇ ನಿಂತಳು. ಆಮೇಲೆ ನಿಧಾನವಾಗಿ ಬಂದು, ತಣ್ಣಗಾಗಿದ್ದ ಬೋಗುಣಿಯ ಮುಂದೆ ಕೂತು, ಎರಡೂ ಕೈಯನ್ನು ಅದರೊಳಗಿಟ್ಟು ಅತ್ತಳು. ಹೆಗಲು ಮಾತ್ರ ಅಲುಗುತ್ತಿತ್ತು. ಪುಟ್ಟಿ ಪಕ್ಕದಲ್ಲಿ ನಿಂತಿದ್ದಳು. ಬೆನ್ನ ಮೇಲೆ ಕೈಯಿಡಬೇಕು ಅನ್ನಿಸಿತು, ಇಟ್ಟಳು. ಎಷ್ಟು ಹೊತ್ತು ಇಡಬೇಕು ಅನ್ನುವುದು ತಿಳಿಯದೆ ಹಾಗೇ ಇಟ್ಟುಕೊಂಡಿದ್ದಳು.

"ಆಗಿಂದ ನಿನಗೆ ಗೊತ್ತಿತ್ತಾ? ಕಾಲರ್ ಮಡಚ್ಕೊಂಡಿದೆ ಅಂದ್ಯಲ್ಲ, ಆಗ?"

"ಹ್ಞೂಂ."

"ಅಯ್ಯೋ ನಿನ್ನ!" ಅಂದಳು ಅಕ್ಕ. ಕೈಯನ್ನು ನೀರಿನಿಂದ ತೆಗೆದು, "ಅವನಿಗೆ?" ಅಂದಳು.

"ಅವನಿಗಿನ್ನೂ ಗೊತ್ತಿಲ್ಲ."

ಹೊರಗೆ ಗಂಟೆ ಬಾರಿಸಿತು, ಇನ್ನೈದೇ ನಿಮಿಷ ಅಂತ. ಅಕ್ಕ ಸೆರಗಿನಿಂದ ಮುಖ ಒತ್ತಿಕೊಂಡಳು. "ಈಗ ಹೇಳಿದ್ರೆ ಅವನು ಕಮಾನು ಮುಟ್ಟಲ್ಲ. ಅಲ್ಲಿ ಅಷ್ಟು ಜನ ಕೂತಿದಾರೆ. ನಲವತ್ತು ನಿಮಿಷ. ಮುಗಿದ ಕೂಡ್ಲೆ ಹೇಳೋಣ. ನಾನೇ ಹೇಳ್ತೀನಿ." ಅಷ್ಟಂದು, "ಇಲ್ಲ, ನನ್ನ ಕೈಲಾಗಲ್ಲ. ನೀನೇ ಹೇಳು" ಅಂದಳು.

ಭಾವ ಬಾಗಿಲು ತಳ್ಳಿಕೊಂಡು ಬಂದರು. "ನೋಡಿ, ನಾನು ಗುರುತಿನ ಪ್ರಕಾರಾನೇ ತಿರುವಿದ್ದು" ಅಂತ ಶುರು ಮಾಡಿದವರು ಹೆಂಡತಿಯ ಮುಖ ನೋಡಿ ನಿಲ್ಲಿಸಿದರು.

"ನಿಮ್ಮ ತಪ್ಪಲ್ಲ ರೀ" ಅಂದಳು ಅಕ್ಕ.

ಭಾವ ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟರು.

ಎರಡನೇ ಅರ್ಧಕ್ಕೆ ಮೂವರೂ ಹೋಗಿ ಕೂತ ಮೇಲೆ ಅಣ್ಣ ಪಿಟೀಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದು ನಿಂತ. ಪ್ರತಿ ಕಾರ್ಯಕ್ರಮದಲ್ಲೂ ಎರಡು ಮಾತಾಡುವುದು ಅವನ ಪದ್ಧತಿ. ಎರಡು ಅಂದರೆ ಇಪ್ಪತ್ತು. ಪುಟ್ಟಿಗೆ ಅದು ಮರೆತೇ ಹೋಗಿತ್ತು. ಅಕ್ಕನಿಗೂ.

"ನೀವು ಕೂತಿರೋ ಈ ಹಾಲಿನಲ್ಲಿ, ಈ ಪಿಯಾನೊಕ್ಕೆ ಮೂವತ್ತೊಂದು ವರ್ಷ ಶ್ರುತಿ ಹಿಡಿದವರು ನಮ್ಮಪ್ಪ" ಅಂದ ಅಣ್ಣ. "ನಿಮ್ಮಲ್ಲಿ ಸುಮಾರು ಜನಕ್ಕೆ ಅವರು ಗೊತ್ತು. ನಿಮ್ಮನೆ ಬಾಗಿಲು ಕಿರುಗುಟ್ಟಿದ್ರೆ ಬೈಸ್ಕೊಂಡೂ ಇರ್ತೀರಿ." ಜನ ನಕ್ಕರು. "ಮೂರು ವಾರದ ಹಿಂದೆ ಬಿದ್ದು ಸೊಂಟ ಮುರ್ಕೊಂಡ್ರು. ಎಂಬತ್ತಾರು ವರ್ಷ. ನಾವೆಲ್ಲ ಹೆದರಿಬಿಟ್ಟಿದ್ವಿ. ಆದ್ರೆ ಅವರು ಜಗ್ಗೋ ಪೈಕಿ ಅಲ್ಲ. ಬುಧವಾರ ಮನೆಗೆ ಬರ್ತಾರೆ."

ಚಪ್ಪಾಳೆ ಬಿತ್ತು. ಒಳ್ಳೆಯ ಮನಸ್ಸಿನಿಂದ, ಜೋರಾಗಿ. ಅಣ್ಣ ಕೈಯೆತ್ತಿ, "ಸ್ವಲ್ಪ ತಡೀರಿ" ಅಂದ. ಮೊದಲ ಸಾಲಿನಲ್ಲಿದ್ದ ಮೇಲ್ವಿಚಾರಕಿಯ ಕೈಗೆ ತನ್ನ ಫೋನು ಕೊಟ್ಟ. "ಇದನ್ನ ರೆಕಾರ್ಡ್ ಮಾಡಿ ಮೇಡಂ. ಈಗ ಇನ್ನೊಂದ್ಸಲ ಹೊಡೀರಿ ಎಲ್ಲರೂ. ಅಪ್ಪನಿಗೆ ಕೇಳಿಸ್ಬೇಕು. ಬುಧವಾರ ನಾನೇ ಕೇಳಿಸ್ತೀನಿ."

ನೂರಿಪ್ಪತ್ತು ಜನ ಇನ್ನೊಂದು ಸಲ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಅಕ್ಕ ತೊಡೆಯ ಮೇಲೆ ಕೈಯಿಟ್ಟುಕೊಂಡು ಪಿಯಾನೊದ ಕಪ್ಪುಬಿಳಿ ಮನೆಗಳನ್ನೇ ದಿಟ್ಟಿಸುತ್ತಿದ್ದಳು. ಈಗ ಎದ್ದು ಅಣ್ಣನ ತೋಳು ಹಿಡಿದು ನಿಲ್ಲಿಸಬಹುದು ಅಂತ ಪುಟ್ಟಿಗೆ ಗೊತ್ತಿತ್ತು. ಎರಡು ಹೆಜ್ಜೆಯ ದೂರ. ಚೆಲ್ಲೊವನ್ನು ಎಲ್ಲಿಡಬೇಕು ಅಂತ ಯೋಚಿಸಿದಳು. ಅಷ್ಟರಲ್ಲಿ ಅಣ್ಣ ಕೂತು, ಪಿಟೀಲು ಗಲ್ಲಕ್ಕೆ ಕೊಟ್ಟು, ಅವಳ ಕಡೆ ನೋಡಿ ಹುಬ್ಬೆತ್ತಿದ. ಮೊದಲ ಸ್ವರ ಅವಳದೇ ಆಗಿತ್ತು.

ನುಡಿಸಿದಳು. ಹೇಗೆ ನುಡಿಸಿದಳು ಅಂತ ಆಮೇಲೆ ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ತಪ್ಪಾಗಲಿಲ್ಲ. ಮಾತ್ರೆ ಎಣಿಸಿದಳು, ಹಾಳೆ ತಿರುವಿದಳು, ಎಲ್ಲಿ ಮೆಲ್ಲಗೆ ಅಂತ ಬರೆದಿತ್ತೋ ಅಲ್ಲಿ ಮೆಲ್ಲಗೆ, ಎಲ್ಲಿ ಜೋರು ಅಂತಿತ್ತೋ ಅಲ್ಲಿ ಜೋರು. ನಡುವಿನ ನಿಧಾನದ ಭಾಗದಲ್ಲಿ ಅಕ್ಕ ಎಷ್ಟು ಮೆದುವಾಗಿ ನುಡಿಸಿದಳೆಂದರೆ ಕೆಲವು ಸ್ವರಗಳು ಹುಟ್ಟಲೇ ಇಲ್ಲ. ಅಣ್ಣ ಮಾತ್ರ ಅಂದು ಬಹಳ ಚೆನ್ನಾಗಿ ನುಡಿಸಿದ. ಖುಷಿಯಲ್ಲಿದ್ದ. ಪಿಟೀಲಿನ ನಾದ ಕಿವಿಗೆ ಬೀಳುತ್ತಿತ್ತು, ಚೆನ್ನಾಗಿದೆ ಅಂತ ತಿಳಿಯುತ್ತಿತ್ತು, ಪುಟ್ಟಿಯೊಳಗೆ ಮಾತ್ರ ಇಳಿಯುತ್ತಿರಲಿಲ್ಲ.

ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣ್ಣ ಇನ್ನೊಂದು ಚಿಕ್ಕದು ನುಡಿಸೋಣ ಅಂತ ಸನ್ನೆ ಮಾಡಿದ. ಅಕ್ಕ ಆಗಲೇ ಒಳಗೆ ನಡೆದುಬಿಟ್ಟಿದ್ದಳು.

"ಏನಾಗಿದೆ ನಿಮಗೆ ಇವತ್ತು? ಅವಳು ಹಾಳೆ ಹಾರಿಸ್ತಾಳೆ, ನೀನು ಎದ್ದು ಹೋಗ್ತೀಯ" ಅನ್ನುತ್ತಲೇ ಅಣ್ಣ ಒಳಕೋಣೆಗೆ ಬಂದ.

"ಅಣ್ಣ, ಅಪ್ಪ ಹೋಗ್ಬಿಟ್ರು" ಅಂದಳು ಪುಟ್ಟಿ.

"ಯಾವ ಅಪ್ಪ?"

ಅಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಅಕ್ಕ ಅಳುತ್ತಿದ್ದಳು. ಭಾವನಿಗೆ ಆ ಗಳಿಗೆಯಲ್ಲೇ ತಿಳಿದದ್ದು, ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಯಾವಾಗ?"

"ಮೂರು ಗಂಟೆಗೆ ಮುಂಚೆ. ಮೂರೂ ಹತ್ತಕ್ಕೆ ನನಗೆ ಫೋನ್ ಬಂತು."

ಅಣ್ಣ ಲೆಕ್ಕ ಹಾಕುವುದು ಮುಖದಲ್ಲೇ ಕಾಣುತ್ತಿತ್ತು. "ಅಂದ್ರೆ ನಾನು ಅಲ್ಲಿ ನಿಂತು..." ಅಂದ. "ನಾನು ಅಲ್ಲಿ ನಿಂತು ಬುಧವಾರ ಅಂದಾಗ ನೀವಿಬ್ರೂ ನನ್ನ ಹಿಂದೆ ಕೂತಿದ್ರಿ. ಇಬ್ರಿಗೂ ಗೊತ್ತಿತ್ತು. ಚಪ್ಪಾಳೆ ಹೊಡೆಸಿದ್ನಲ್ಲೇ ನಾನು! ಎರಡೆರಡು ಸಲ ಹೊಡೆಸಿದೆ!"

"ನೀನು ಮಾತಾಡ್ತೀಯ ಅಂತ ನಮಗೆ ನೆನಪೇ..." ಅಂತ ಅಕ್ಕ ಏನೋ ಹೇಳಹೋದಳು.

"ಸಾಕು, ಬಿಡು."

ಅವನು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟ. ಎಷ್ಟು ಸಿಟ್ಟಿದ್ದರೂ ಕಮಾನಿನ ತಿರುಪು ಸಡಿಲಿಸುವುದನ್ನು ಕೈ ಮರೆಯಲಿಲ್ಲ. ಬಾಗಿಲು ತೆರೆದರೆ ಹೊರಗೆ ವಯಸ್ಸಾದ ಹೆಂಗಸೊಬ್ಬರು ಕಾದು ನಿಂತಿದ್ದರು. ಅಣ್ಣನ ಕೈ ಹಿಡಿದುಕೊಂಡು, "ನಿಮ್ಮಪ್ಪ ನಮ್ಮನೆಗೂ ಬರ್ತಿದ್ರಪ್ಪ. ಬೇಗ ಓಡಾಡೋ ಹಾಗಾಗ್ಲಿ ಅಂತ ನಾನು ಹೇಳಿದೆ ಅಂತ ಹೇಳು" ಅಂದರು.

"ಹೇಳ್ತೀನಮ್ಮ" ಅಂದ ಅಣ್ಣ. ಮೆಟ್ಟಿಲಿಳಿದು ಹೋದ.

ಮಿಕ್ಕವರು ಭಾವನ ಕಾರಿನಲ್ಲಿ ಹೊರಟರು. ಚೆಲ್ಲೊವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟಿದರು, ಯಾವಾಗಲೂ ಮಾಡುವಂತೆ. ಅಕ್ಕತಂಗಿಯರು ಹಿಂದೆ ಕೂತರು. ರಸ್ತೆಯಲ್ಲಿ ಇನ್ನೂ ಬಿಸಿಲಿತ್ತು. ಅಂಗಡಿಯೊಂದರ ಮುಂದೆ ಜನ ಸಾಲು ನಿಂತಿದ್ದರು. ಅಕ್ಕ ದಾರಿಯುದ್ದಕ್ಕೂ ಪುಟ್ಟಿಯ ಕೈ ಹಿಡಿದಿದ್ದಳು.

ಅಣ್ಣ ಅವರಿಗಿಂತ ಮುಂಚೆ ಬಂದು ಹಾಸಿಗೆಯ ಪಕ್ಕ ಕೂತಿದ್ದ. ಅಪ್ಪನಿಗೆ ಹೊದಿಕೆ ಎದೆಯವರೆಗೆ ಹೊದಿಸಿದ್ದರು. ಗಡ್ಡ ಎರಡು ದಿನದ್ದು. ಇವತ್ತು ಬೆಳಿಗ್ಗೆ ಬಂದು ಹೆರೆಯಬೇಕಿತ್ತು, ಕಾರ್ಯಕ್ರಮವಿದೆ ಅಂತ ನಾಳೆಗೆ ಬಿಟ್ಟಿದ್ದೆ ಅಂತ ಪುಟ್ಟಿಗೆ ನೆನಪಾಯಿತು. ಫೋನಿನಲ್ಲಿ ಮಾತಾಡಿದ್ದ ನರ್ಸು ಬಂದಳು. ತೆಳ್ಳಗಿನ, ದಣಿದ ಹೆಂಗಸು. "ಊಟ ಆದ್ಮೇಲೆ ನನ್ನ ಟ್ರಾಲಿ ತಳ್ಕೊಂಡು ಬರ್ತಿದ್ದೆ" ಅಂದಳು. "ಅದರ ಚಕ್ರ ಎರಡು ಸ್ವರದ ಮಧ್ಯ ಸಿಕ್ಕಿಹಾಕ್ಕೊಂಡು ಒದ್ದಾಡ್ತಿದೆ, ಎಣ್ಣೆ ಬಿಡಮ್ಮ ಅಂದ್ರು. ನಂಗೆ ಅರ್ಥ ಆಗ್ಲಿಲ್ಲ. ಆದ್ರೂ ಬಿಡ್ತೀನಿ ಅಂದೆ." ಅಕ್ಕ ಅಳುತ್ತಲೇ ನಕ್ಕುಬಿಟ್ಟಳು. ಅಣ್ಣ ಮುಖ ಮುಚ್ಚಿಕೊಂಡ.

"ಸಹಿ ಯಾರು ಹಾಕ್ತೀರಿ?" ಅಂತ ನರ್ಸು ಕಾಗದ ಚಾಚಿದಳು.

ಅಕ್ಕ, ಅಣ್ಣ, ಭಾವ ಮೂವರೂ ಪುಟ್ಟಿಯ ಕಡೆ ತಿರುಗಿದರು. ಪುಟ್ಟಿ ಓದುವ ಕನ್ನಡಕ ಹಾಕಿಕೊಂಡು ನಾಲ್ಕು ಕಡೆ ಸಹಿ ಹಾಕಿದಳು.

ಆಮೇಲಿನ ಕೆಲಸಗಳೆಲ್ಲ ಒಂದು ವಾರದಲ್ಲಿ ಮುಗಿದವು. ಪುಟ್ಟಿ ಎಲ್ಲ ಕಡೆ ಸರಿಯಾದ ಹೊತ್ತಿಗೆ ಹೋದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. "ಗಟ್ಟಿ ಹೆಂಗಸು" ಅಂದರು ಕೆಲವರು. "ಕಲ್ಲು" ಅಂದವರೂ ಇದ್ದರು. ಎರಡೂ ಅವಳ ಕಿವಿಗೆ ಬಿದ್ದವು. ಅಣ್ಣ ಅವಳೊಡನೆ ಮಾತಾಡಲಿಲ್ಲ. ಫೋನು ನಿಂತುಹೋಯಿತು. ಒಪ್ಪಿಕೊಂಡಿದ್ದ ಎರಡು ಕಾರ್ಯಕ್ರಮಗಳನ್ನು ಅಕ್ಕನೇ ಮಾತಾಡಿ ರದ್ದು ಮಾಡಿಸಿದಳು. ಪುಟ್ಟಿ ಬೆಳಿಗ್ಗೆ ಐದೂವರೆಗೆ ಎದ್ದು ಕೂರುತ್ತಿದ್ದಳು, ಎಬ್ಬಿಸಲು ಯಾರೂ ಇರುತ್ತಿರಲಿಲ್ಲ. ಪಾಠ ಹೇಳುತ್ತಿದ್ದಳು. ಯಾರ ಬೆರಳು ಎಲ್ಲಿ ತಪ್ಪಿತು ಅಂತ ಹೇಳುತ್ತಿದ್ದಳು, ಚೆನ್ನಾಗಿತ್ತು ಅನ್ನುವುದನ್ನು ಬಿಟ್ಟುಬಿಟ್ಟಿದ್ದಳು. ತಿಂದದ್ದು ರುಚಿಸಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹೀಗೆ ಐದು ತಿಂಗಳು.

ಐದನೇ ತಿಂಗಳ ಕೊನೆಗೆ ಅಕ್ಕ ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸಿದಳು: ಭಾನುವಾರ ಹತ್ತು ಗಂಟೆಗೆ ನಮ್ಮನೆಗೆ ವಾದ್ಯ ತಗೊಂಡು ಬನ್ನಿ, ಇಲ್ಲದಿದ್ದರೆ ಇನ್ನೆಂದೂ ಬರಬೇಡಿ. ಇಬ್ಬರೂ ಬಂದರು. ಅಣ್ಣ ಸೊರಗಿಹೋಗಿದ್ದ. ಪೆಟ್ಟಿಗೆಯನ್ನು ತೆರೆಯದೆ ಮಂಡಿಯ ಮೇಲಿಟ್ಟುಕೊಂಡು ಕೂತ.

"ಒಂದೇ ಕೇಳ್ತೀನಿ" ಅಂದ. "ಯಾಕೆ ಹೇಳ್ಲಿಲ್ಲ? ಅಕ್ಕ ಹೇಳ್ತಾಳೆ, ಅಷ್ಟು ಜನ ಬಂದು ಕೂತಿದ್ರು ಅಂತ. ಅದಲ್ಲ. ನಿನಗೆ ಜನರ ಯೋಚನೆ ಇರ್ಲಿಲ್ಲ. ನನಗೆ ಗೊತ್ತು."

"ಹೇಳಿದ್ರೆ ನೀವಿಬ್ರೂ ಅಳ್ತಿದ್ರಿ" ಅಂದಳು ಪುಟ್ಟಿ. "ನನಗೆ ಅಳು ಬರ್ತಿರ್ಲಿಲ್ಲ. ನಿಮ್ಮ ಮುಂದೆ ಹಾಗೆ ನಿಂತ್ಕೊಳ್ಳೋಕೆ ಆಗ್ಲಿಲ್ಲ. ಫೋನ್ ಬಂದಾಗ ನಾನು ಮಂಚ ಬೇಡ ಅಂತ ಅಂಗಡಿಗೆ ಹೇಳ್ಬೇಕು ಅಂದ್ಕೊಂಡೆ. ಅಷ್ಟೇ ಅಂದ್ಕೊಂಡಿದ್ದು. ಇವತ್ತಿನ ತನಕಾನೂ ಅತ್ತಿಲ್ಲ. ನಾಲ್ಕು ವರ್ಷ ಎತ್ತಿ ಇಳಿಸಿ, ಎತ್ತಿ ಇಳಿಸಿ, ಒಳಗೆ ಏನೂ ಉಳಿದಿಲ್ಲ."

"ಸುಸ್ತಾಗಿದೆ ಅಂತ ನನಗೆ ಒಂದು ಮಾತು ಹೇಳಬಹುದಿತ್ತಲ್ಲ. ದಿನಾ ಫೋನ್ ಮಾಡ್ತಿದ್ನಲ್ಲ ನಾನು."

"ದಿನಾ ಫೋನ್ ಮಾಡಿ ದಿನಾ ನೀನೇ ಮಾತಾಡ್ತಿದ್ದೆ."

ಅಕ್ಕನ ಗಂಟಲಿಂದ ಹೊರಟದ್ದು ನಗುವೋ ಇನ್ನೊಂದೋ ತಿಳಿಯಲಿಲ್ಲ. ಅಣ್ಣ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ನೆಲ ನೋಡಿದ. "ನಾನು ಅದನ್ನ ಮರೆಯಲ್ಲ" ಅಂದ. "ಆ ಚಪ್ಪಾಳೆನ. ಮರ್ತುಬಿಡು ಅಂತ ನೀವೂ ಹೇಳ್ಬೇಡಿ."

"ಹೇಳಲ್ಲ" ಅಂದಳು ಪುಟ್ಟಿ.

ಅಣ್ಣ ಪೆಟ್ಟಿಗೆ ತೆರೆದ. ಭಾವ ಯಾವ ಕುರ್ಚಿಯಲ್ಲಿ ಕೂರಲಿ ಅಂತ ಕೇಳಿದರು. ಅಕ್ಕ ಎಂದಿನದೇ ಅಂದಳು. ಹೊಸ ಕೃತಿಯೊಂದನ್ನು ಅಕ್ಕ ತೆಗೆದಿಟ್ಟಿದ್ದಳು, ಮೂವರೂ ಹಿಂದೆಂದೂ ನುಡಿಸದೇ ಇದ್ದದ್ದು. ಮೊದಲ ಸಲ ಎಂಟು ಸಾಲು ದಾಟುವ ಹೊತ್ತಿಗೆ 'ಧಬಾರ್' ಅಂತ ಬಿದ್ದರು. ಮತ್ತೆ ಶುರು ಮಾಡಿದರು, ಮತ್ತೆ ಬಿದ್ದರು.

"ನೀನು ಓಡ್ತಿದೀಯ" ಅಂದಳು ಅಕ್ಕ ಅಣ್ಣನಿಗೆ.

"ನೀನು ತೆವಳ್ತಿದೀಯ. ಇಲ್ಲೇನು ಬರ್ದಿದೆ ನೋಡು, ಸರಾಗವಾಗಿ ಅಂತ ಇದೆ."

"ಸರಾಗ ಅಂದ್ರೆ ಬಸ್ಸು ಹಿಡಿಯೋಕೆ ಹೋದ ಹಾಗಲ್ಲ. ಪುಟ್ಟಿ, ನೀನೇ ಹೇಳು."

ಪುಟ್ಟಿ ಪುಸ್ತಕದ ಕಡೆ ಬಾಗಿ ಆ ಎಂಟು ಸಾಲುಗಳನ್ನು ಓದಿದಳು. ತನಗೆ ಹೇಗೆ ಬೇಕು ಅಂತ ಯಾರಾದರೂ ಕೇಳಿ, ಅದಕ್ಕೆ ತನ್ನೊಳಗಿಂದ ಉತ್ತರ ಬಂದು ಬಹಳ ದಿನವಾಗಿತ್ತು. ಈಗ ಒಂದು ಬಂತು. ಸಣ್ಣದು.

"ಇಬ್ರದೂ ತಪ್ಪು" ಅಂದಳು. "ನಾನು ಹಿಡಿದ ಹಾಗೆ ಬನ್ನಿ."

ಕಮಾನು ಎತ್ತಿದಳು.